ಇನ್ನೂರು ಮೀಟರ್ ಕೆಳಗೆ

ಜುಲೈ 21, ಬೆಳಿಗ್ಗೆ 6.30, ಲಡಾಖ್

ನನ್ನ ಆಕ್ಸಿಜನ್ 86. ಬೂಟು ಇನ್ನೂ ಒಣಗಿಲ್ಲ. ಸಿದ್ಧಲಿಂಗೇಶ್‌ಗೆ ಗಂಜಿ ಸೇರಲಿಲ್ಲ. ತಲೆನೋವಿದೆಯಾ ಎಂದು ಗೈಡ್ ಕೇಳಿದರೆ, ಇಲ್ಲವೇ ಇಲ್ಲ ಎಂದ. ಶಿಕಾರಿಪುರದಲ್ಲಿ ಜಿಮ್ ನಡೆಸುವವನು — ಶಿರಾಳಕೊಪ್ಪದ ಪಿ.ಟಿ. ಟೀಚರ್ ಆದ ನನ್ನೆದುರು ಒಪ್ಪಿಕೊಳ್ಳುತ್ತಾನೆಯೇ? ನಾಳೆ ಶಿಖರ. 6,100 ಮೀಟರ್. ಇದಾದರೆ ಮುಂದಿನ ವರ್ಷ ಏಳು ಸಾವಿರದ್ದು.

ಜುಲೈ 23

ನಿನ್ನೆ ಬರೆಯಲು ಕೈ ಏಳಲಿಲ್ಲ.

ಇನ್ನೂರು ಮೀಟರ್ ಉಳಿದಿತ್ತು. ಬಿಸಿಲು ಬಿದ್ದಿತ್ತು. ತುದಿಯ ಬಾವುಟಗಳು ಕಾಣುತ್ತಿದ್ದವು. ಸಿದ್ಧಲಿಂಗೇಶ್ ಹಿಮದ ಮೇಲೆ ಕೂತುಬಿಟ್ಟ. ಮಾತು ತೊದಲುತ್ತಿತ್ತು. ನನ್ನನ್ನು "ಅವ್ವಾ" ಎಂದ. ಜೇಬಿನಲ್ಲಿ ತಲೆನೋವಿನ ಮಾತ್ರೆಯ ಖಾಲಿ ಪಟ್ಟಿಗಳು. ನಾಲ್ಕು ದಿನದಿಂದ ಕದ್ದು ನುಂಗುತ್ತಿದ್ದನಂತೆ!

ಇಬ್ಬರಿಗೂ ಒಬ್ಬರೇ ಗೈಡ್. ಅವರು ನನ್ನ ಮುಖ ನೋಡಿದರು. ನಾನು ಶಿಖರ ನೋಡಿದೆ. ಆಮೇಲೆ ಇಳಿದೆವು. ಮೇಲಿಂದ ಹಗ್ಗ ಬಿಗಿಹಿಡಿದು ಗೈಡ್, ನಡುವೆ ಅವನು, ಕೆಳಗೆ ನಾನು. ಅವನ ಒಂದೊಂದು ಹೆಜ್ಜೆಯನ್ನೂ ಬೂಟು ಹಿಡಿದು ನಾನೇ ಇಡಿಸಿದೆ. ಆರು ತಾಸು.

ಬದುಕಿದ. ನನಗೆ ಅಳು ಬಂತು. ಸಂತೋಷಕ್ಕಲ್ಲ.

ಆಗಸ್ಟ್ 9, ಶಿರಾಳಕೊಪ್ಪ

ಸ್ಟಾಫ್ ರೂಮಿನಲ್ಲಿ ಪೇಪರ್. 'ಅಸ್ವಸ್ಥ ಶಿಕ್ಷಕಿಗಾಗಿ ಶಿಖರ ತ್ಯಜಿಸಿದ ಯುವಕ.' ಎರಡು ಸಲ ಓದಿದೆ.

ಹೆಡ್‌ಮಾಸ್ಟರ್ ರಾಮಪ್ಪನವರು, "ಅಷ್ಟು ಹುಷಾರಿರ್ಲಿಲ್ಲ ಅಂತ ಹೇಳ್ಲೇ ಇಲ್ವಲ್ರೀ ವಾಗ್ದೇವಿ ಮೇಡಂ" ಎಂದರು. ಕನಿಕರ! ಮೈ ಉರಿಯಿತು. ಸಿದ್ಧಲಿಂಗೇಶ್‌ಗೆ ಫೋನ್ ಮಾಡಿದೆ.

"ಪೇಪರ್‌ನೋರು ಏನೋ ಬರ್ಕೊಂಡಾರ್ರೀ..."

"ನೀವು ಹೇಳ್ದೆ ಬರ್ಕೊಂಡ್ರಾ?"

"ಜಿಮ್‌ಗೆ ಜನ ಬರೋದು ಬ್ಯಾಡೇನ್ರೀ? ಏಳು ಸಾವಿರದ್ದಕ್ಕೂ ಹೆಸರು ಕೊಟ್ಟೀನಿ. ಬೇರೆ ಟ್ರೆಕ್ಕಿಂಗ್ ಕಂಪನಿ."

"ಕಾಯಿಲೆ ಬಿದ್ದಿದ್ದು ಅವ್ರಿಗೆ ಹೇಳಿದೀರಾ?"

ಕಟ್ ಮಾಡಿದ.

ಆಗಸ್ಟ್ 14

ಅವನ ತಾಯಿ ವೀರಮ್ಮ ಶಾಲೆಗೇ ಬಂದಿದ್ದರು. ಮಗನ ಪರವಾಗಿ ಬೇಡಿಕೊಳ್ಳಲು ಎಂದುಕೊಂಡೆ. ಅಲ್ಲ.

"ನಿದ್ದಿಗಣ್ಣಾಗ ಎಲ್ಲ ಒದರ್ತಾನವ್ವ. ನೀ ಸುಮ್ನಿದ್ರೆ ಅವ ಮತ್ತ ಹೋಗ್ತಾನ. ಹೇಳಿಬಿಡು."

ಆಗಸ್ಟ್ 17, ಸಂಜೆ, ಶಿಕಾರಿಪುರ

ಅವನಿಗೆ ಸನ್ಮಾನ. ಶಾಲು, ಪೇಟ. ಅವನಿಂದ ಬದುಕಿದವಳು ಎಂದು ನನಗೂ ಒಂದು ಕುರ್ಚಿ! ಮೈಕ್ ಕೈಗೆ ಬಂತು.

"ಕುಸಿದಿದ್ದು ಇವ್ರು. ಇಳ್ಸಿದ್ದು ಗೈಡ್ ಮತ್ತೆ ನಾನು. ಹೀಗೇ ಮುಚ್ಚಿಟ್ಟು ಇನ್ನೂ ಮೇಲೆ ಹೋದ್ರೆ ಇವ್ರು ವಾಪಸ್ ಬರಲ್ಲ."

ಯಾರೋ ಮೈಕ್ ಆಫ್ ಮಾಡಿದರು. ಮೈದಾನದಲ್ಲಿ ಕೂಗುವ ಗಂಟಲು ನನ್ನದು. ಮೈಕಿಲ್ಲದೆ ಮತ್ತೆ ಹೇಳಿದೆ.

"ಮಾನ ಕಳದ್ರಿ" ಎಂದ ಸಿದ್ಧಲಿಂಗೇಶ್.

ಮುಂದಿನ ಸಾಲಿನಿಂದ ವೀರಮ್ಮ ಎದ್ದರು. "ಮೇಡಂ ಹೇಳಿದ್ದು ಖರೆ ಐತಿ."

ಅವನೇ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡ.

ಆಗಸ್ಟ್ 20, ಬೆಳಿಗ್ಗೆ

ಹೆಸರು ವಾಪಸ್ ತೆಗೆದುಕೊಂಡನಂತೆ. ವೀರಮ್ಮ ಫೋನ್ ಮಾಡಿದ್ದರು. ಒಳ್ಳೆಯದಾಯಿತು. ನನ್ನ ಸಿಟ್ಟು ಇಳಿದಿಲ್ಲ. ಆ ಇನ್ನೂರು ಮೀಟರ್ ಯಾರು ಕೊಡುತ್ತಾರೆ?

ಏಳು ಸಾವಿರದ್ದಕ್ಕೆ ನನ್ನ ಅರ್ಜಿ ತುಂಬುತ್ತಿದ್ದೇನೆ. ಈವರೆಗೆ ಏರಿದ ಎತ್ತರ — 5,900. ಶಿಖರ ಮುಟ್ಟಿದಿರಾ — ಇಲ್ಲ. ಕಾರಣ —