ಸಾಗೋ ಮರದ ಮೇಲೆ ಮೈದುನನ ಅಕ್ಕರೆ

ಮಾರ್ಚ್ ೧೧, ಮಂಗಳವಾರ

ಮೈದುನನ ಅಕ್ಕರೆ ಇವತ್ತು ಯಾಕೋ ಅತಿಯಾಯಿತು. ನಮ್ಮ ಹಿತ್ತಿಲ ಸಾಗೋ ಮರವನ್ನು ತಟ್ಟಿ ನೋಡಿ, "ಅತ್ತಿಗೆ, ಈಗಲೇ ಕಡಿಸ್ಬೇಡಿ. ಇನ್ನೊಂದು ವರ್ಷ ಬಿಟ್ರೆ ಕಾಂಡದೊಳಗಿನ ಹಿಟ್ಟು ದುಪ್ಪಟ್ಟಾಗುತ್ತೆ" ಅಂದ. ತುದಿಯ ಎಲೆಗಳು ಆಗಲೇ ಚಿಕ್ಕವಾಗಿವೆ, ಇನ್ನೇನು ಹೂ ಬಿಡುತ್ತದೆ. ಹೂ ಬಿಟ್ಟರೆ ಕಾಂಡದೊಳಗಿನ ಹಿಟ್ಟೆಲ್ಲ ಅದಕ್ಕೇ ಹೋಗಿ ಬರೀ ನಾರು ಉಳಿಯುತ್ತದೆಂದು ಅವನಿಗೆ ಗೊತ್ತಿಲ್ಲವೇ? ಮನೆಮಂದಿಯ ವರ್ಷದ ಗಂಜಿ ಅದರೊಳಗಿದೆ.

"ನಿನ್ನ ಮರ ಯಾವಾಗ ಕಡಿಸ್ತೀಯಪ್ಪ?" ಅಂದೆ.

"ನಾಳೆ" ಅಂದವನು ನಾಲಿಗೆ ಕಚ್ಚಿಕೊಂಡ. ಎರಡೂ ಒಂದೇ ದಿನ ನೆಟ್ಟ ಮರಗಳು! ನನ್ನ ಮರ ನಾರಾಗಿ, ಹಿಟ್ಟಿಗಾಗಿ ನಾನು ಅವನ ಬಾಗಿಲಲ್ಲಿ ನಿಲ್ಲಬೇಕಂತೆ.

ನಾಳೆ ಬೆಳಗ್ಗೆಯೇ ಮರ ಕಡಿಯುವವನನ್ನು ಕರೆಸೆಂದು ಸೊಸೆಗೆ ಹೇಳಿದರೆ, "ಅವನನ್ನ ಚಿಕ್ಕಮಾವ ನಿನ್ನೇನೇ ಗೊತ್ತುಮಾಡ್ಕೊಂಡಿದಾರೆ ಅತ್ತೆ" ಅಂದಳು.

ಇರಲಿ, ಕೊಡಲಿ ನಾನೇ ಹಿಡಿಯುತ್ತೇನೆ. ಆದರೆ ನನಗೇ ತಿಳಿಯದ ನಿನ್ನೆಯ ಆ ಏರ್ಪಾಡು ಇವಳಿಗೆ ಹೇಗೆ ಗೊತ್ತು?