ಮುಚ್ಚಳದ ಒಳಗಿನ ಬರಹ

ಸುಬ್ರಾಯಣ್ಣ,

ಬಾಳೂರಿನ ಎಸ್ಟೇಟಿನವರು ಉಗ್ರಾಣಕ್ಕೆ ಎಸೆದಿದ್ದ ಟಿವಿ ಡಿಶ್ ತಿರುಗಿಸುವ ಹಳೇ ಮೋಟಾರನ್ನು ಇವತ್ತು ಕಳಸದ ನನ್ನ ಅಂಗಡಿಗೆ ತಂದರು. ಮುಚ್ಚಳದ ಒಳಗೆ ನಿಮ್ಮದೇ ಅಕ್ಷರ: ‘ರಿಪೇರಿ ಆಗುವುದಿಲ್ಲ. ಹೊಸದು ಹಾಕಿ. 1998.’

ಆಗ ನಿಮ್ಮ ಹತ್ತಿರ ಕೆಲಸ ಕಲಿಯುತ್ತಿದ್ದ ನಾನು ‘ಆಗುತ್ತದೆ’ ಅಂದಿದ್ದಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಎದುರೇ ಸಿಡಿದಿರಿ: “ನಂಗೇ ಪಾಠ ಹೇಳ್ತೀಯೇನೋ? ನಾಳೆಯಿಂದ ಅಂಗಡಿ ಕಡೆ ಬರ್ಬೇಡ ಮಾರಾಯ.”

ಸವೆದ ಸ್ವಿಚ್ಚು, ಉಬ್ಬಿದ ಕೆಪಾಸಿಟರ್ ಬದಲಾಯಿಸಿದೆ, ಅಷ್ಟೇ. ಮೋಟಾರು ತಿರುಗಿತು. ನೀವು ಕಲಿಸಿದಂತೆಯೇ ಸ್ಕ್ರೂಗಳಿಗೆ ಗ್ರೀಸ್ ಹಚ್ಚಿದೆ.

ನಿಮ್ಮ ಬರಹವನ್ನು ಬೇಕೆಂದೇ ಅಳಿಸಲಿಲ್ಲ. ಅದರ ಕೆಳಗೆ ‘ರಿಪೇರಿ ಆಯಿತು. 2004’ ಎಂದು ಬರೆದು ಸಹಿ ಹಾಕಿದೆ. ಮುಂದೆ ಬಿಚ್ಚುವ ಮೆಕ್ಯಾನಿಕ್‌ಗಳೆಲ್ಲ ಎರಡನ್ನೂ ಓದಲಿ.

ಮೊದಲು ನೀವು ಓದಬೇಕಿತ್ತು. ಹೋದ ತಿಂಗಳೇ ಸಾಯುವಂಥ ಅವಸರ ಏನಿತ್ತು ನಿಮಗೆ?