ಮೂರು ಸ್ಪೇಡ್

ಗೋಕಾಕ ಫಾಲ್ಸ್
ಮಂಗಳವಾರ, ೧೬ ಡಿಸೆಂಬರ್ ೨೦೨೫

ನನ್ನ ಪ್ರೀತಿಯ, ತುಂಬಾ ತುಂಬಾ ಪ್ರೀತಿಯ ಮದಿನಾಬಿ ಟೀಚರ್‌ಗೆ,

ಹುಕ್ಕೇರಿಯಲ್ಲಿ ನೀವೂ ಜಾಫರಸಾಬ ಕಾಕಾ ಅವರೂ ಹೇಗಿದ್ದೀರಿ? ಮೂರು ಸಲ ಫೋನ್ ಕೈಗೆತ್ತಿಕೊಂಡು ಮೂರು ಸಲವೂ ಇಟ್ಟುಬಿಟ್ಟೆ. ಹೆದರಿಕೆಯಾದಾಗ ನಾನು ನಗುತ್ತೇನೆ, ನಿಮಗೆ ಗೊತ್ತೇ ಇದೆ. ಈ ಮಾತನ್ನು ನಗುತ್ತಾ ಹೇಳಬಾರದು. ಅದಕ್ಕೇ ಕಾಗದ. ನಮ್ಮಂಥ ಇಂಗ್ಲಿಷ್ ಮೀಡಿಯಂನವರ ಕನ್ನಡ, ತಪ್ಪಿದ್ದಲ್ಲಿ ನಿಮ್ಮ ಕೆಂಪು ಪೆನ್ನಿನಲ್ಲಿ ತಿದ್ದಿಕೊಳ್ಳಿ.

ಮೊದಲು ಒಳ್ಳೆಯ ಸುದ್ದಿ. ನಾನು ಸುಖವಾಗಿದ್ದೇನೆ ಟೀಚರ್, ಎಷ್ಟೆಂದರೆ ನನಗೇ ನಾಚಿಕೆ. ಅತ್ತೆ ನನ್ನ ದುಂಡಗಾಗದ ರೊಟ್ಟಿಯನ್ನೂ ಹೊಗಳುತ್ತಾರೆ. ಶುಭಮ್ ಕಲ್ಲೋಳಿಯಲ್ಲಿರುವ ಮೆಡಿಕಲ್ ಅಂಗಡಿಯಿಂದ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ. ಮದುವೆಯ ಉಂಗುರ ಅವರ ಬೆರಳಿಗೆ ಇನ್ನೂ ಒಗ್ಗಿಲ್ಲ, ಆಗಾಗ ತಿರುಗಿಸುತ್ತಾರೆ. ನೋಡಿದಾಗಲೆಲ್ಲ ನನಗೆ ಮುದ್ದು ಬರುತ್ತದೆ.

ಬ್ರಿಜ್ ಆಟದಲ್ಲಿ ಗೆದ್ದ ದೀಪಾವಳಿ ಕಪ್ ನಮ್ಮ ಟಿವಿಯ ಪಕ್ಕದಲ್ಲಿದೆ. ಅತ್ತೆ ದಿನಾ ಅದನ್ನು ಸೆರಗಿನಿಂದ ಒರೆಸುತ್ತಾರೆ. ನಾನು ಆ ಕಡೆ ನೋಡುವುದಿಲ್ಲ.

ನವೆಂಬರ್ ಕೊನೆಯ ರವಿವಾರ, ಆರು ರವಿವಾರಗಳ ಆ ಕಪ್ಪಿನ ಕೊನೆಯ ದಿನ, ಗೋಕಾಕದ ಕ್ಲಬ್ಬಿನಲ್ಲಿ ನಮ್ಮ ಟೇಬಲ್ಲಿಗೆ ನೀವೂ ಕಾಕಾ ಅವರೂ ಎದುರಾಳಿಗಳಾಗಿ ಬಂದಿರಿ. ಹದಿನೇಳನೆಯ ಬೋರ್ಡ್. ಬಿಡ್ಡಿನ ಚೀಟಿ ಇಡುವ ಸರದಿಯಲ್ಲಿ ನಾನು ಒಂದು ಸ್ಪೇಡ್ ಹೇಳಿದೆ, ನೀವು ಎರಡು ಹಾರ್ಟ್. ನನ್ನ ಜೊತೆಗಾರ ಶುಭಮ್ ಎರಡು ಸ್ಪೇಡ್ ಎಂದು ನನ್ನ ಬೆಂಬಲಕ್ಕೆ ಬಂದರು. ಕಾಕಾ ಪಾಸ್, ನಾನೂ ಪಾಸ್. ನನ್ನ ಕೈಯಲ್ಲಿ ಅದಕ್ಕಿಂತ ಹೆಚ್ಚಿಗೆ ಏನೂ ಇರಲಿಲ್ಲ. ನೀವು ಮೂರು ಹಾರ್ಟ್ ಎಂಬ ಚೀಟಿ ಇಟ್ಟಿರಿ. ಆಗ ಶುಭಮ್ ಯೋಚಿಸುತ್ತ ಕುಳಿತರು. ಪಕ್ಕದ ಟೇಬಲ್ಲಿನ ಮಾಲಿಂಗ ಅಣ್ಣ ತಿರುಗಿ ನೋಡುವಷ್ಟು ಹೊತ್ತು. ಕೊನೆಗೆ ಪಾಸ್ ಎಂದರು. ಕಾಕಾ ಅವರದೂ ಪಾಸ್.

ಒಂಬತ್ತನೆಯ ಇಯತ್ತೆಯಲ್ಲಿ, ಶಾಲೆ ಬಿಟ್ಟ ಮೇಲೆ ಗಣಿತದ ಕೋಣೆಯಲ್ಲಿ ನೀವೇ ಕಲಿಸಿದ್ದಿರಿ: ಜೊತೆಗಾರ ಚೀಟಿಯಲ್ಲಿ ಹೇಳಿದ್ದಷ್ಟೇ ನಿನ್ನದು, ಅವನ ಮುಖ, ಅವನ ತಡ ನಿನ್ನದಲ್ಲ. ಹಂಚಿದ ಅದೇ ಎಲೆಗಳು ಎಲ್ಲ ಟೇಬಲ್ಲಿಗೂ ಹೋಗುವ ಈ ಆಟದಲ್ಲಿ ಸೋಲನ್ನು ನಸೀಬಿನ ಮೇಲೆ ಹಾಕುವಂತಿಲ್ಲ, ಅದಕ್ಕೇ ಇಲ್ಲಿ ಕಳ್ಳತನಕ್ಕೆ ನೆಪವೂ ಇಲ್ಲ ಎಂದಿದ್ದಿರಿ.

ಅವರ ತಡ ನೋಡಿ ಅವರ ಕೈ ಗಟ್ಟಿಯಿದೆ ಎಂದು ನನಗೆ ತಿಳಿಯಿತು. ಮೂರು ಸ್ಪೇಡ್ ಇಟ್ಟೆ. ಹೇಳಿದಂತೆ ಒಂಬತ್ತು ಟ್ರಿಕ್ ಬಂದವು, ಆಟ ನಮ್ಮದಾಯಿತು. ಉಳಿದ ಟೇಬಲ್ಲುಗಳಲ್ಲೆಲ್ಲ ಮೂರು ಹಾರ್ಟ್ ಆಡಿದವರೇ ಗೆದ್ದಿದ್ದರು.

ನೀವು ಸಿಟ್ಟು ಮಾಡಲಿಲ್ಲ, ಕೈ ಎತ್ತಿ ಆಟದ ಡೈರೆಕ್ಟರ್ ಉದ್ದಪ್ಪ ಕಾಕಾ ಅವರನ್ನು ಕರೆದಿರಿ, ಅಷ್ಟೇ. ಅವರು ನನ್ನನ್ನು ಕೇಳಿದ್ದು ಈಗಲೂ ಕಿವಿಯಲ್ಲಿದೆ:

“ಖರೆ ಹೇಳವಾ. ನಿನ್ನ ಎಲಿ ನೋಡಿ ಹೇಳಿದ್ಯೋ, ಅಂವ ವಿಚಾರ ಮಾಡಿದ್ದ ನೋಡಿ ಹೇಳಿದ್ಯೋ?”

“ನನ್ನ ಎಲಿ ನೋಡೇ ರೀ ಕಾಕಾ. ಟೀಚರ್ ಮೂರಕ್ಕ ಹೋದ್ರ ನಾನೂ ಹೋಗಬೇಕಂತ ಮೊದಲ ಠರಾಯಿಸಿದ್ದೆ.”

ಎಲೆಗಳನ್ನು ಬೋರ್ಡಿನಿಂದ ತೆಗೆದು ನೋಡಬಹುದು. ನಾನು ಮನಸ್ಸಿನಲ್ಲಿ ಏನು ನಿರ್ಧರಿಸಿದ್ದೆ ಎಂದು ಯಾರು ನೋಡುತ್ತಾರೆ? ನಿಯಮ ಪುಸ್ತಕದ ಪ್ರಕಾರ ನನ್ನ ಮಾತೊಂದೇ ಸಾಲದು. ಆದರೆ ಹೊಸ ಸೊಸೆಯನ್ನು ಹತ್ತು ಜನರೆದುರು ಸುಳ್ಳಿ ಅನ್ನಲು ಉದ್ದಪ್ಪ ಕಾಕಾ ಅವರಿಗೆ ಬಾಯಿ ಬರಲಿಲ್ಲ. ಅಂಕ ನಮಗೇ ಉಳಿಯಿತು. ಆ ಒಂದು ಬೋರ್ಡಿನಿಂದಲೇ ನಾವು ಮೊದಲು, ನೀವು ಎರಡನೆಯವರು.

ಚಹಾದ ಹೊತ್ತಿಗೆ ಮಾಲಿಂಗ ಅಣ್ಣ ಎಲ್ಲರಿಗೂ ಕೇಳುವಂತೆ, “ಶಿಷ್ಯಾಳ ಕೈಯಾಗ ಸೋತದ್ದ ನುಂಗಾಕ ಆಗವಲ್ದು ಟೀಚರ್‌ಗೆ” ಎಂದ. ನಾಲ್ಕು ಜನ ನಕ್ಕರು. ಟೀಚರ್, ನಾನೂ ನಕ್ಕೆ. ನೀವು ಚಹಾದ ಕಪ್ ಕೆಳಗಿಟ್ಟು ನನ್ನ ಹತ್ತಿರ ಬಂದು ತಲೆ ಸವರಿದಿರಿ.

“ಶಂಕಾ ಪಟ್ಟಿದ್ದು ನಂದ ತಪ್ಪಾತು ಪೂನಮ್. ಮನಸಿಗೆ ಹಚ್ಚಿಕೋಬ್ಯಾಡವಾ.”

ಆಮೇಲೆ ಎರಡು ರವಿವಾರ ನೀವು ಬರಲಿಲ್ಲ. ಮೊನ್ನೆ ಜಾಫರಸಾಬ ಕಾಕಾ ಒಬ್ಬರೇ ಬಂದು, ನಿಮ್ಮ ಹತ್ತಿರವಿದ್ದ ಕ್ಲಬ್ಬಿನ ಕಪಾಟಿನ ಕೀಲಿ ಕೊಟ್ಟರು. ಮೊಣಕಾಲು ನೋವು ಎಂದರು. ಹೋಗುವಾಗ, ಟೀಚರ್ ನಿನಗೆ ಸಲಾಂ ಹೇಳಿದ್ದಾಳೆ ಎಂದೂ ಹೇಳಿದರು. ಹನ್ನೊಂದು ವರ್ಷ ಆ ಕೀಲಿ ನಿಮ್ಮ ಬ್ಯಾಗಿನಲ್ಲಿತ್ತು.

ಇಂದು ಬೆಳಿಗ್ಗೆ ಉದ್ದಪ್ಪ ಕಾಕಾ ಅವರಿಗೆ ಒಂದು ಚೀಟಿ ಬರೆದೆ. ಆ ಬೋರ್ಡಿನ ಅಂಕ ತಿದ್ದಿ, ಕಪ್ ನಿಮಗೆ ಕೊಡಿ ಎಂದು. ಬರುವ ರವಿವಾರ ಆಟ ಶುರುವಾಗುವ ಮೊದಲು ಮಾಲಿಂಗ ಅಣ್ಣನೂ ಇರುವಾಗ ನಾನೇ ಎದ್ದು ನಿಂತು ಅದನ್ನು ಓದುತ್ತೇನೆ. ನೀವು ಬಂದು ಕೇಳಬೇಕು. ನನ್ನನ್ನು ಕ್ಷಮಿಸದಿದ್ದರೂ ಸರಿ, ಕೀಲಿಯನ್ನು ಮಾತ್ರ ವಾಪಸ್ ತೆಗೆದುಕೊಳ್ಳಿ.

ಶುಭಮ್ ಅವರದು ಇದರಲ್ಲಿ ಏನೂ ತಪ್ಪಿಲ್ಲ. ಅವರು ಯೋಚಿಸಿದರು, ಅಷ್ಟೇ. ಅವರನ್ನು ಬೇರೆ ರೀತಿ ತಿಳಿಯಬೇಡಿ.

ನಿಮ್ಮ ಕೈಯಲ್ಲಿ ಎಲೆ ಹಿಡಿಯಲು ಕಲಿತ,
ಪೂನಮ್

ತಾ. ಕ.: ಶುಭಮ್ ಊಟಕ್ಕೆ ಬಂದಾಗ ಚೀಟಿ, ಕಾಗದ ಎರಡನ್ನೂ ಓದಿಸಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಓದಿ ಮುಗಿಸಿ ಒಂದೇ ಮಾತು ಕೇಳಿದರು: “ಉಂಗುರದ ಸುದ್ದಿ ಯಾಕ ಬರೀಲಿಲ್ಲ?”

ಟೀಚರ್, ಗಟ್ಟಿ ಕೈ ಬಂದಾಗಲೆಲ್ಲ ಅವರು ಉಂಗುರ ತಿರುಗಿಸುತ್ತಾರೆ. ಮದುವೆಯಾದ ಎರಡನೇ ವಾರವೇ ಕಂಡುಹಿಡಿದು, ಅವರಿಗೂ ಹೇಳಿ ಇಬ್ಬರೂ ನಕ್ಕಿದ್ದೆವು. ಹೇಳಿದ ಮೇಲೆ ಅವರು ತಿರುಗಿಸುವುದನ್ನು ಬಿಡಲಿಲ್ಲ, ನಾನು ನೋಡುವುದನ್ನು ಬಿಡಲಿಲ್ಲ. ಅಂದು ಅವರು ತಡ ಮಾಡಿದ್ದು ಎಲ್ಲರಿಗೂ ಕಂಡಿತು. ಉಂಗುರ ತಿರುಗಿದ್ದು ನನಗಷ್ಟೇ. ಚೀಟಿಯನ್ನು ಹರಿದು ಮತ್ತೆ ಬರೆದೆವು: ಆ ಒಂದು ಬೋರ್ಡ್ ಅಲ್ಲ, ನಾವಿಬ್ಬರೂ ಕೂಡಿ ಆಡಿದ ಆರೂ ರವಿವಾರದ ಅಂಕ ತೆಗೆದುಹಾಕಿ ಎಂದು. ಈ ಸಲ ಮೊದಲ ಸಹಿ ಅವರದು.